ಕಂಬಕ್ಕೆ ಒಂದು ಮಾರು ಸಾಲದು

ಸೇರಿರುವ ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಳಿತಿರುವ, ನಾವು ಕಳೆದುಕೊಂಡ ಮೇಡಂ ಅವರ ಯಜಮಾನರಿಗೆ, ಅವರ ಮಗಳಿಗೆ — ನಮಸ್ಕಾರ ಎನ್ನುವ ಪದ ಇವತ್ತು ಸಾಲದು, ಆದರೂ ನಮಸ್ಕಾರ. ಅವರ ಪಕ್ಕದಲ್ಲಿರುವ ನಮ್ಮ ಮುದ್ರಣಾಲಯದ ಮಾಲೀಕರಿಗೆ, ಈ ಸಭೆಗಾಗಿ ಬೈಂಡಿಂಗ್ ಕೋಣೆಯನ್ನು ತೆರವು ಮಾಡಿಕೊಟ್ಟ ಕೆಲಸಗಾರರಿಗೆ, ಅಂಟಿನ ವಾಸನೆಯನ್ನು ಮುಖ ಸಿಂಡರಿಸದೆ ಸಹಿಸಿಕೊಂಡಿರುವ ಅತಿಥಿಗಳಿಗೆ — ನಮಸ್ಕಾರ.

ನನ್ನ ಪರಿಚಯ ಇಲ್ಲದವರಿಗೆ ಒಂದು ಮಾತು. ಈ ಕಟ್ಟಡದ ನೆಲಮಾಳಿಗೆಯಲ್ಲಿ ಇಂಗ್ಲಿಷ್–ಕನ್ನಡ ನಿಘಂಟಿನ ವಿಭಾಗ ಇದೆ. ಮೇಡಂ ಅದರ ಪ್ರಧಾನ ಸಂಪಾದಕಿ. ನಾನು ಉಪಸಂಪಾದಕ. ಅವರು ನನ್ನನ್ನು ‘ಉಪ’ ಎಂದಷ್ಟೇ ಕರೆಯುತ್ತಿದ್ದರು. ಸಂಪಾದಕನ ಮುಂದಿರುವ ಉಪವೋ, ಉಪದ್ರವದಲ್ಲಿರುವ ಉಪವೋ ಎಂದು ಒಮ್ಮೆ ಕೇಳಿದೆ. “ಬೆಳಿಗ್ಗೆ ಮೊದಲನೇದು. ಊಟ ಆದ್ಮೇಲೆ ಎರಡನೇದು” ಎಂದರು.

ನಾವು ಅವರಿಗೆ ಇಟ್ಟಿದ್ದ ಹೆಸರು ಅವರಿಗೂ ಗೊತ್ತಿತ್ತು — ಅಂದ್ರೆ ಮೇಡಂ. ನೀವು ಏನೇ ಹೇಳಿ, ಅವರ ಮೊದಲ ಉತ್ತರ “ಅಂದ್ರೆ?” ಮೇಡಂ, ದುಃಖ ಎಂದರೆ ನೋವು. “ನೋವು ಅಂದ್ರೆ?” ಮನಸ್ಸಿಗೆ ಆಗುವ ಬೇನೆ. “ಬೇನೆ ಅಂದ್ರೆ?” ಹೀಗೆ ಸುತ್ತಿ ಸುತ್ತಿ ಮತ್ತೆ ದುಃಖಕ್ಕೇ ಬಂದು ನಿಂತಾಗ, “ನೋಡಿ, ಬೀದಿ ಸುತ್ತಿ ನಮ್ಮ ಮನೆ ಬಾಗಿಲಿಗೇ ಬಂದ್ವಿ. ಇನ್ನೊಂದು ದಾರಿ ಹುಡುಕಿ” ಎನ್ನುತ್ತಿದ್ದರು. ಅವರ ಯಜಮಾನರು ಡ್ರೈವಿಂಗ್ ಸ್ಕೂಲ್ ನಡೆಸುವವರು. ನಮ್ಮ ಹತ್ತಿರ ಅವರು ಹೇಳುತ್ತಿದ್ದ ಮಾತು — “ನನ್ನ ಕಾರಿಗೆ ಎರಡು ಬ್ರೇಕು. ನಿಮ್ಮ ಮೇಡಮ್ಮಿಗೆ ಒಂದೂ ಇಲ್ಲ.” ಈಗ ನಗಬಹುದು. ಅವರು ಹೇಳುವಾಗಲೂ ನಗುತ್ತಲೇ ಹೇಳುತ್ತಿದ್ದರು.

ಇವತ್ತು ಮೇಡಂ ಅವರ ಗುಣಗಾನ ಮಾಡಲು ನಾನು ಬಂದಿಲ್ಲ. ಅವರಿಗೆ ವಿಶೇಷಣಗಳೆಂದರೆ ಆಗುತ್ತಿರಲಿಲ್ಲ. “ಅಗಾಧ, ಅಪಾರ, ಅನನ್ಯ — ಇವೆಲ್ಲ ಖಾಲಿ ಡಬ್ಬಿ. ಅಲ್ಲಾಡಿಸಿ ನೋಡಿ, ಸದ್ದು ಮಾತ್ರ ಬರುತ್ತೆ” ಎನ್ನುತ್ತಿದ್ದರು. ನಾನು ಬಂದಿರುವುದು ಒಂದೇ ಒಂದು ಪದದ ಪರವಾಗಿ ವಾದ ಮಾಡಲು. ಏಕೆಂದರೆ ಆ ಪದದಿಂದಾಗಿಯೇ ನಮ್ಮ ವಿಭಾಗಕ್ಕೆ ಬೀಗ ಬೀಳುವ ಮಾತು ಬಂದಿದೆ. ಇದು ಗುಟ್ಟಲ್ಲ. ಮಾಲೀಕರೇ ನಮಗೆ ಹೇಳಿದ್ದಾರೆ. ಡಿಯಿಂದ ಎಫ್‌ವರೆಗಿನ ಸಂಪುಟ ಅಚ್ಚಾದ ಮೇಲೆ ಜಿಯಿಂದ ಮುಂದೆ ಕೆಲಸ ಬೇಡ, ಉಳಿದದ್ದನ್ನು ಕಂಪ್ಯೂಟರಿನವರು ಒಂದೇ ಸಲಕ್ಕೆ ಸಿದ್ಧ ಮಾಡಿ ಕೊಡುತ್ತಾರೆ ಎಂದು. ಅವರು ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು — “ಒಂದು ಪದಕ್ಕೆ ಇಷ್ಟು ದಿನ ಯಾಕೆ?” ಅದಕ್ಕೆ ಉತ್ತರ ಕೊಡಬೇಕಾಗಿದ್ದ ಮೇಡಂ ಆಸ್ಪತ್ರೆಗೆ ಹೋದರು. ಉತ್ತರ ಬಾಕಿ ಉಳಿಯಿತು. ಇವತ್ತು ಅದನ್ನು ಕೊಟ್ಟೇ ಕೂರುತ್ತೇನೆ.

ಆ ಪದ — ಫ್ಯಾದಮ್.

ಇವತ್ತಿನ ಇಂಗ್ಲಿಷಿನಲ್ಲಿ ಫ್ಯಾದಮ್ ಎಂದರೆ ಸಮುದ್ರದ ಆಳ ಅಳೆಯುವ ಒಂದು ಅಳತೆ, ಆರು ಅಡಿ. ಕ್ರಿಯಾಪದವಾದರೆ, ಒಂದು ವಿಷಯದ ತಳ ಮುಟ್ಟಿ ಅರ್ಥ ಮಾಡಿಕೊಳ್ಳುವುದು. ಇಷ್ಟನ್ನು ಯಾವ ಪುಸ್ತಕ ತೆರೆದರೂ ಹೇಳುತ್ತದೆ. ಆದರೆ ಆ ಪದದ ಬಾಲ್ಯಕ್ಕೆ ಹೋಗಿ ನೋಡಿ. ಹಳೆಯ ಇಂಗ್ಲಿಷಿನಲ್ಲಿ ಅದು — ಹೀಗೆ — ಚಾಚಿದ ಎರಡು ತೋಳು. ಅಪ್ಪುಗೆ. ಆಸರೆ. ಅದನ್ನೇ ಕ್ರಿಯೆ ಮಾಡಿದರೆ, ತಬ್ಬಿಕೊಳ್ಳು. ಸಮುದ್ರವೂ ಇಲ್ಲ, ಆಳವೂ ಇಲ್ಲ. ಆಮೇಲೆ ನಾವಿಕರು ಸೀಸದ ಗುಂಡು ಕಟ್ಟಿದ ಹಗ್ಗವನ್ನು ನೀರಿಗೆ ಬಿಟ್ಟರು. ಎಷ್ಟು ಹಗ್ಗ ಇಳಿಯಿತು ಎಂದು ತಿಳಿಯಲು ಎರಡು ಕೈ ಅಗಲಿಸಿ ಅಳೆದರು. ತೋಳು ಅಳತೆಯಾಯಿತು. ಅಳತೆ ಆಳಕ್ಕೆ ಇಳಿಯಿತು. ಆಳಕ್ಕೆ ಇಳಿದದ್ದು ಅರ್ಥವನ್ನು ಕೈಯಲ್ಲಿ ಹಿಡಿದುಕೊಂಡು ಮೇಲೆ ಬಂತು. ಜರ್ಮನ್ ಭಾಷೆಯಲ್ಲಿ ದಾರಕ್ಕೆ ಹೇಳುವ ಫಾಡೆನ್ ಇದರ ಒಡಹುಟ್ಟು. ಹೂವಿನ ಎಸಳಿಗೆ ಹೇಳುವ ಪೆಟಲ್ ಗ್ರೀಕ್ ಮನೆಯಿಂದ ಬಂದ ದಾಯಾದಿ. ಬೇರು ಒಂದೇ. ಅದರ ಅರ್ಥ — ಹರಡು, ಬಿಚ್ಚಿಕೋ.

ಇದನ್ನು ಕಂಡು ಮೇಡಂ ಕುರ್ಚಿಯಿಂದ ಎದ್ದುಬಿಟ್ಟರು. “ಉಪ, ನಮ್ಮ ಹತ್ರ ಇದಕ್ಕೆ ಅಳತೆ ಮಾಡಿ ಹೊಲಿಸಿದ ಪದ ಇದೆ ಕಣ್ರೀ — ಮಾರು.”

ಹೌದಲ್ಲ. ಮಾರು ಎಂದರೆ ಎರಡು ಕೈ ಚಾಚಿದಷ್ಟು ಉದ್ದ. ಹಗ್ಗ ಎಷ್ಟು ಮಾರು, ಹಾವು ಮಾರುದ್ದ, ಇವನಿಂದ ಮಾರು ದೂರ ಇರು. ಆ ದಿನ ಮಧ್ಯಾಹ್ನ ಮಾಲೀಕರು ಕೆಳಗೆ ಬಂದಾಗ ಮೇಡಂ ಇದನ್ನೇ ಸಂಭ್ರಮದಿಂದ ಹೇಳಿದರು. ಮಾಲೀಕರು ತಾಳ್ಮೆಯಿಂದ ಕೇಳಿ ಏನು ಹೇಳಿದರು ಗೊತ್ತೆ? “ಮೇಡಂ, ಮಾರು ಅಂದ್ರೆ ನನಗೆ ಒಂದೇ ಅರ್ಥ ಗೊತ್ತಿರೋದು. ನಿಮ್ಮ ಪುಸ್ತಕ ಅದೊಂದನ್ನ ಬಿಟ್ಟು ಉಳಿದಿದ್ದೆಲ್ಲ ಮಾಡುತ್ತೆ.” ಸಾರ್, ಕ್ಷಮಿಸಿ. ಆ ಮಾತಿಗೆ ಆ ದಿನ ಹೆಚ್ಚು ನಕ್ಕಿದ್ದು ಮೇಡಂ ಅವರೇ. ನಿಘಂಟಿನಲ್ಲಿ ಗಂಟಿಲ್ಲ ಎಂಬುದು ಅವರಿಗೂ ಗೊತ್ತಿತ್ತು.

ಪದ ಸಿಕ್ಕಿತು. ತಕರಾರು ಶುರುವಾದದ್ದು ಆಮೇಲೆ — ಯಾವ ಅರ್ಥ ಮೊದಲು?

ನಿಘಂಟಿನಲ್ಲಿ ಒಂದು ಪದಕ್ಕೆ ಹಲವು ಅರ್ಥ ಇದ್ದರೆ ಮೊದಲ ಸ್ಥಾನ ಯಾರಿಗೆ ಎನ್ನುವುದು, ಮದುವೆಯ ಫೋಟೋದಲ್ಲಿ ಮಧ್ಯೆ ಯಾರು ನಿಲ್ಲಬೇಕು ಎನ್ನುವಷ್ಟೇ ದೊಡ್ಡ ಜಗಳ. ಮೇಡಂ ಹೇಳಿದರು, ತೋಳು ಮೊದಲು. ಹುಟ್ಟಿದ ಕ್ರಮದಲ್ಲೇ ಬರಲಿ. ನಾನು ಹೇಳಿದೆ, ಅರ್ಥಮಾಡಿಕೊಳ್ಳು ಮೊದಲು. ಪರೀಕ್ಷೆಯ ಹಿಂದಿನ ಸಂಜೆ ಪುಟ ತಿರುಗಿಸುವವರಿಗೆ ಬೇಕಾದದ್ದು ಅದು.

“ಅವರಿಗೆ ಉತ್ತರ ಬೇಕು ಮೇಡಂ, ಅಪ್ಪುಗೆ ಅಲ್ಲ.”

“ಪರೀಕ್ಷೆ ಹಿಂದಿನ ಸಂಜೆ ಎರಡೂ ಬೇಕಾಗುತ್ತೆ ಕಣ್ರೀ.”

ನಮ್ಮ ವಿಭಾಗದಲ್ಲಿ ಒಂದು ಪದ್ಧತಿ ಇದೆ. ಮೇಡಂ ತಂದದ್ದು. ಇಬ್ಬರ ವಾದ ಜಗ್ಗದೆ ನಿಂತರೆ ಇಬ್ಬರೂ ಎದ್ದು ಕುರ್ಚಿ ಬದಲಾಯಿಸಬೇಕು. ಆಮೇಲೆ ಎದುರಾಳಿಯ ವಾದವನ್ನು ನಾವು ಮಾಡಬೇಕು. ಕಾಟಾಚಾರಕ್ಕೆ ಮಾಡುವಂತಿಲ್ಲ, ಗೆಲ್ಲುವ ಹಾಗೆ ಮಾಡಬೇಕು. ಸಾಮಾನ್ಯವಾಗಿ ಇದರಿಂದ ಒಬ್ಬರು ಸೋತು, ಟೀ ಹೊತ್ತಿಗೆ ಪದ ಇತ್ಯರ್ಥವಾಗುತ್ತಿತ್ತು.

ಫ್ಯಾದಮ್ ವಿಷಯದಲ್ಲಿ ಏನಾಯಿತು ಎಂದರೆ — ಇಂಥ ಎಡವಟ್ಟು ನಮ್ಮಂಥವರಿಗೆ ಮಾತ್ರ ಸಾಧ್ಯ — ನಾನು ಅವರ ಕುರ್ಚಿಯಲ್ಲಿ ಕೂತು ತೋಳಿನ ಪರ ಎಷ್ಟು ಚೆನ್ನಾಗಿ ವಾದಿಸಿದೆ ಎಂದರೆ, ನನಗೇ ಮನವರಿಕೆಯಾಯಿತು. ಅವರು ನನ್ನ ಕುರ್ಚಿಯಲ್ಲಿ ಕೂತು ಅರ್ಥದ ಪರ ವಾದಿಸಿ, ತಮ್ಮನ್ನೇ ಒಪ್ಪಿಸಿಕೊಂಡರು. ಮತ್ತೆ ನಮ್ಮ ನಮ್ಮ ಕುರ್ಚಿಗೆ ಬಂದು ಕೂತಾಗ, ನಾನು ಅವರ ಪಕ್ಷ, ಅವರು ನನ್ನ ಪಕ್ಷ. ಜಗಳ ಮಾತ್ರ ಇದ್ದಲ್ಲೇ ಇತ್ತು.

ಹೀಗೇ ದಿನಗಟ್ಟಲೆ ಮುಂದುವರಿಯಿತು. ಒಂದು ದಿನ ನಾನೆಂದೆ, ತಬ್ಬುವುದೂ ಅಳೆಯುವುದೂ ಒಂದೇ ಕೆಲಸ. ತೋಳಿಗೆ ಎಷ್ಟು ಸಿಕ್ಕಿತೋ ಅಷ್ಟು ಗೊತ್ತಾಗುತ್ತದೆ. ತಬ್ಬಿದವನಿಗೆ ತಿಳಿಯುತ್ತದೆ, ತಬ್ಬದವನು ತಬ್ಬಿಬ್ಬಾಗುತ್ತಾನೆ, ತಬ್ಬಲು ಯಾರೂ ಇಲ್ಲದವನು ತಬ್ಬಲಿ.

“ಸುಳ್ಳು ವಂಶಾವಳಿ ಹೇಳಬೇಡಿ. ಅವು ಮೂರೂ ಕಿವಿಗೆ ಮಾತ್ರ ನೆಂಟರು” ಎಂದರು ಮೇಡಂ. “ತಬ್ಬೋದೂ ಅಳೆಯೋದೂ ಒಂದೇ ಅಂದ್ರಲ್ಲ — ಮಾಡಿ ತೋರಿಸಿ.”

ಈಗ ನೀವು ನಮ್ಮ ನೆಲಮಾಳಿಗೆಯನ್ನು ಕಣ್ಣ ಮುಂದೆ ತಂದುಕೊಳ್ಳಬೇಕು. ಮೇಲಿನ ಅಚ್ಚಿನ ಯಂತ್ರಗಳ ಭಾರ ಹೊರುವುದಕ್ಕೆ ನಡುವೆ ಒಂದು ದುಂಡು ಕಂಬ ಇದೆ. ಆನೆಯ ಕಾಲನ್ನು ಇನ್ನಷ್ಟು ಊದಿಸಿದ ಹಾಗಿದೆ. ಸುಣ್ಣ ಹೊಡೆದಿದ್ದಾರೆ, ತಾಗಿದರೆ ಬಟ್ಟೆಗೆ ಮೆತ್ತುತ್ತದೆ. ನಾನು ಎದ್ದು ಹೋಗಿ ಆ ಕಂಬವನ್ನು ತಬ್ಬಿದೆ. ನನ್ನ ಹೊಟ್ಟೆಯ ಸಹಕಾರ ಅಷ್ಟಿರಲಿಲ್ಲ. ಎಷ್ಟು ಚಾಚಿದರೂ ಆ ಕಡೆ ನನ್ನ ಎರಡು ಕೈ ಒಂದನ್ನೊಂದು ಮುಟ್ಟಲಿಲ್ಲ.

“ಎಷ್ಟು ಬಾಕಿ ಇದೆ?” ಕುರ್ಚಿಯಿಂದಲೇ ಕೇಳಿದರು.

“ನನಗೆ ಕಾಣಲ್ಲ ಮೇಡಂ. ಕಂಬ ಅಡ್ಡ ಇದೆ.”

ಅವರು ಎದ್ದು ಆ ಕಡೆಯಿಂದ ಬಂದರು. ಕಣ್ಣಿನಲ್ಲಿ ನೋಡಿದರೆ ಸಾಕಿತ್ತು. ಆದರೆ ಅಂದ್ರೆ ಮೇಡಂ ಕಣ್ಣಿನಿಂದ ಯಾವುದನ್ನು ತಾನೇ ನಂಬಿದವರು? ಅವರೂ ಆ ಬದಿಯಿಂದ ಕೈ ಚಾಚಿದರು. ಕಂಬ ನಮ್ಮಿಬ್ಬರ ನಡುವೆ. ಅವರ ಬೆರಳ ತುದಿ ನನ್ನ ಬೆರಳ ತುದಿಗೆ ಎರಡೂ ಕಡೆ ತಾಗಿತು. ಆ ಬದಿಯಿಂದ ಧ್ವನಿ ಕೇಳಿಸಿತು — “ಹಾ. ಇದಕ್ಕೆ ಒಂದು ಮಾರು ಸಾಲದು.”

ಸರಿಯಾಗಿ ಆಗಲೇ ಬಾಗಿಲು ತೆರೆಯಿತು. ಮಾಲೀಕರು ಕಂಪ್ಯೂಟರ್ ಕಂಪನಿಯವರನ್ನು ಕರೆದುಕೊಂಡು ಬಂದಿದ್ದರು. ಬಾಗಿಲಲ್ಲೇ ಅವರಿಗೆ ವಿವರಿಸುತ್ತಿದ್ದರು — “ಇಲ್ಲಿ ನಮ್ಮ ವಿದ್ವಾಂಸರು ಏಕಾಗ್ರತೆಯಿಂದ ಕೆಲಸ ಮಾಡ್ತಾರೆ.”

ಏಕಾಗ್ರತೆ ಇತ್ತು. ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ.

ಮಾಲೀಕರು ಕಂಬವನ್ನು ನೋಡಿದರು, ನಮ್ಮನ್ನು ನೋಡಿದರು. ಆಮೇಲೆ ಕೇಳಿದರು — “ಕಂಬ ತಬ್ಬೋಕಾ ಸಂಬಳ?”

ಮೇಡಂ ಸೆರಗಿನ ಸುಣ್ಣ ಕೊಡವಿಕೊಳ್ಳುತ್ತಾ, “ಎಫ್ ಅಕ್ಷರದಲ್ಲಿದೀವಿ ಸಾರ್” ಎಂದರು. ಅದೇ ಪೂರ್ಣ ವಿವರಣೆ ಎಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು.

ಕಂಪ್ಯೂಟರಿನವರು ಸಭ್ಯರು. ತಮ್ಮ ಯಂತ್ರದಲ್ಲಿ ಅದೇ ಪದವನ್ನು ಹುಡುಕಿ, ಉತ್ತರವನ್ನು ಅಲ್ಲೇ ತೋರಿಸಿದರು — ಆರು ಅಡಿ ಆಳ, ಗ್ರಹಿಸು. ಕಣ್ಣು ಮಿಟುಕಿಸುವಷ್ಟರಲ್ಲಿ. ಮೇಡಂ ಕನ್ನಡಕ ಏರಿಸಿ ಓದಿದರು. ಮತ್ತೊಮ್ಮೆ ಓದಿದರು. “ತಪ್ಪೇನೂ ಇಲ್ಲ” ಎಂದರು. ಅವರ ಬಾಯಲ್ಲಿ ಅದು ದೊಡ್ಡ ಪ್ರಶಸ್ತಿ. ನನಗೆ ಎಂದೂ ಸಿಕ್ಕಿದ್ದಿಲ್ಲ. ಆಮೇಲೆ ಮೆಲ್ಲಗೆ ಹೇಳಿದರು — “ಆಳ ಇದೆ. ಆಳೇ ಇಲ್ಲ.”

ಆ ವಾರವೇ ನಮಗೆ ತೀರ್ಮಾನ ತಿಳಿಸಿದರು. ಈ ಸಂಪುಟ ಮುಗಿಸಿ, ಸಾಕು ಮಾಡಿ.

ಸ್ನೇಹಿತರೇ, ಮಾಲೀಕರನ್ನು ನಾನು ದೂರುತ್ತಿಲ್ಲ. ಬಾಗಿಲು ತೆರೆದಾಗ ಅವರಿಗೆ ಕಂಡದ್ದು ಅದು. ಅವರ ಜಾಗದಲ್ಲಿ ನಾನಿದ್ದರೂ ಸಂಬಳದ ಮಾತೇ ಎತ್ತುತ್ತಿದ್ದೆ. ಕುರ್ಚಿ ಬದಲಾಯಿಸಿ ಯೋಚಿಸುವುದನ್ನು ಕಲಿತ ಮೇಲೆ ಯಾರ ಮೇಲೂ ನೆಮ್ಮದಿಯಾಗಿ ಸಿಟ್ಟು ಮಾಡಿಕೊಳ್ಳಲು ಆಗುವುದಿಲ್ಲ. ಮೇಡಂ ನಮಗೆ ಮಾಡಿಟ್ಟು ಹೋದ ದೊಡ್ಡ ಅನ್ಯಾಯ ಇದು.

ಮೇಡಂ ಅವರ ಎದೆನೋವು ಶುರುವಾದದ್ದು ಆಮೇಲೆ. ಆಸ್ಪತ್ರೆಗೆ ನೋಡಲು ಹೋದೆ. ಮಗಳು ಮಂಚದ ಪಕ್ಕದಲ್ಲಿದ್ದರು. “ಅಂಕಲ್, ಅಮ್ಮನ್ನ ಜಾಸ್ತಿ ಮಾತಾಡಿಸಬೇಡಿ” ಎಂದರು. ಮಂಚದಿಂದ ಉತ್ತರ ಬಂತು — “ಜಾಸ್ತಿ ಅಂದ್ರೆ ಎಷ್ಟು?”

ನನ್ನ ಕಡೆ ತಿರುಗಿ ಮೇಡಂ ಕೇಳಿದರು, “ಉಪ, ಯಾವುದು ಮೊದಲು ಹಾಕಿದ್ರಿ?”

“ಇನ್ನೂ ಹಾಕಿಲ್ಲ ಮೇಡಂ. ನೀವು ಹೇಳಿದ ಹಾಗೇ ಹಾಕ್ತೀನಿ.”

“ಅಂದ್ರೆ? ನಾನು ಹೇಳಿದ್ದು ಯಾವುದು? ಕುರ್ಚಿ ಬದಲಾಯಿಸೋಕೆ ಮೊದಲು ಹೇಳಿದ್ದಾ, ಆಮೇಲೆ ಹೇಳಿದ್ದಾ?”

ನಾನು ನಕ್ಕೆ. ಅವರು ನಗಲಿಲ್ಲ. “ನನ್ನ ಮುಖ ನೋಡಿ ಹಾಕಬೇಡಿ. ಕಾಯಿಲೆ ಬಿದ್ದೋರಿಗೆ ಸೋತುಕೊಡೋದು ಕೆಟ್ಟ ಸಂಪಾದಕರ ಲಕ್ಷಣ. ನೀವೇ ನೋಡಿ, ಮಾಡಿ ನೋಡಿ, ಆಮೇಲೆ ಹಾಕಿ” ಎಂದರು. ಮಗಳು ಗಡಿಯಾರ ನೋಡಿದರು. ನಾನು ಎದ್ದೆ. ಅದೇ ನಮ್ಮ ಕೊನೆಯ ಸಂಪಾದಕೀಯ ಸಭೆ.

ಅವರು ಹೋದ ಮರುದಿನ ಮನೆಗೆ ಹೋದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ವಾಕ್ಯ ಜೋಡಿಸುತ್ತಲೇ ಹೋದೆ. ಪದಗಳೇ ನನ್ನ ಹೊಟ್ಟೆಪಾಡು; ಒಂದು ಸಮಾಧಾನದ ಮಾತು ಹೊಂದಿಸಲಾರೆನೆ? ಯಜಮಾನರೇ ಬಾಗಿಲು ತೆರೆದರು. ಕೈಯಲ್ಲಿ ಕಾರಿನ ಕೀಲಿ ಇತ್ತು. ಎಲ್ಲಿಗೂ ಹೊರಟಿರಲಿಲ್ಲ, ಸುಮ್ಮನೆ ಹಿಡಿದುಕೊಂಡಿದ್ದರು. ನಾನು ಜೋಡಿಸಿಟ್ಟುಕೊಂಡ ವಾಕ್ಯವನ್ನು ಹೇಳಿದೆ — “ನಿಮ್ಮ ದುಃಖ ನನಗೆ ಅರ್ಥವಾಗುತ್ತೆ.”

ಅವರು ನನ್ನನ್ನು ನೋಡಿದರು.

“ಅಂದ್ರೆ?” ಎಂದರು.

ಕುಟುಕಲು ಕೇಳಿದ್ದಲ್ಲ. ಅಷ್ಟು ವರ್ಷ ಒಂದೇ ಮನೆಯಲ್ಲಿ ಕೇಳಿ ಕೇಳಿ, ಆ ಮಾತು ಅವರ ಬಾಯಿಗೂ ಬಂದು ಕೂತಿತ್ತು. ಹೇಳಿದ ಮೇಲೆ ಅವರೇ ಬೆಚ್ಚಿದರು. ನಾನೂ ಬೆಚ್ಚಿದೆ. ಆ ಮನೆಯಲ್ಲಿ ಆ ಮಾತು ಹೇಳಬೇಕಾದವರು ಬೇರೆಯವರಾಗಿದ್ದರು.

ಉತ್ತರಕ್ಕಾಗಿ ಎ ಇಂದ ಎಫ್‌ವರೆಗೆ ಹುಡುಕಿದೆ — ಇರಲಿಲ್ಲ.

ನಾನು ಯಾರನ್ನೂ ತಬ್ಬುವ ಜಾತಿಯ ಮನುಷ್ಯನಲ್ಲ. ನಿಮಗೆಲ್ಲ ಗೊತ್ತು; ಹುಟ್ಟುಹಬ್ಬಕ್ಕೂ ನಾನು ಮಾರು ದೂರದಿಂದಲೇ ಕೈ ಕುಲುಕುವವನು. ಆದರೆ ಆ ಹೊತ್ತಿಗೆ ತೋಳು ತಾನಾಗಿಯೇ ಎದ್ದಿತು. ಕೀಲಿ ಅವರ ಕೈಯಲ್ಲೇ ಇತ್ತು. ನನ್ನ ಬೆನ್ನಿಗೆ ಚುಚ್ಚುತ್ತಿತ್ತು. ಹಾಗೇ ನಿಂತೆವು. ಬಹಳ ಹೊತ್ತಿನ ಮೇಲೆ ನನ್ನ ಭುಜದ ಹಿಂದಿನಿಂದ ಕೇಳಿದರು — “ಈಗ ಅರ್ಥ ಆಯ್ತಾ?”

“ಸ್ವಲ್ಪ.”

“ಹಾಗಾದ್ರೆ ಹಾಗೇ ಬರೀರಿ.”

ಅವರಿಗೆ ನಮ್ಮ ಜಗಳ ಪೂರ್ತಿ ಗೊತ್ತಿತ್ತು. ಮನೆಯಲ್ಲೂ ಊಟದ ಹೊತ್ತಿಗೆ ಕುರ್ಚಿ ಬದಲಾಗಿತ್ತಂತೆ.

ಮೇಡಂ, ನೀವು ಹೇಳಿದಂತೆ ಮಾಡಿ ನೋಡಿದ್ದೇನೆ. ನಿಮ್ಮ ಮುಖ ನೋಡಿ ಹಾಕುತ್ತಿಲ್ಲ. ನೀವು ಕೊನೆಗೆ ಒಪ್ಪಿದ್ದ ಪಕ್ಷದ ವಿರುದ್ಧವೇ ಹಾಕುತ್ತಿದ್ದೇನೆ, ಸಮಾಧಾನ ಮಾಡಿಕೊಳ್ಳಿ. ಫ್ಯಾದಮ್: ಮೊದಲು, ಚಾಚಿದ ತೋಳು, ಅಪ್ಪುಗೆ. ಆಮೇಲೆ, ಮಾರು, ನೀರಿನ ಆಳದ ಅಳತೆ. ಅದಾದ ಮೇಲೆ, ಅರ್ಥಮಾಡಿಕೊಳ್ಳು. ಇವತ್ತು ಬೆಳಿಗ್ಗೆ ಅಚ್ಚಿಗೆ ಕೊಟ್ಟಿದ್ದೇನೆ. ಪರೀಕ್ಷೆಯ ಹಿಂದಿನ ಸಂಜೆ ಪುಟ ತಿರುಗಿಸುವವರು ಎರಡು ಸಾಲು ಕೆಳಗೆ ಇಳಿಯಲಿ. ಆಳದ ಪದಕ್ಕೆ ಬಂದವರು ಅಷ್ಟು ಇಳಿದರೆ ಮುಳುಗುವುದಿಲ್ಲ.

ಈಗ ಮಾಲೀಕರೇ, ನಿಮ್ಮ ಪ್ರಶ್ನೆಗೆ ಉತ್ತರ. ಒಂದು ಪದಕ್ಕೆ ಇಷ್ಟು ದಿನ ಯಾಕೆ? ಹಿಡಿಯಬೇಕಾದದ್ದು ಒಬ್ಬರ ತೋಳಿಗೆ ಸಿಗುವುದಿಲ್ಲ, ಅದಕ್ಕೆ. ಆ ಕಡೆಯಿಂದ ಇನ್ನೊಬ್ಬರು ಬರುವವರೆಗೆ ಕೈ ಚಾಚಿಕೊಂಡೇ ನಿಂತಿರಬೇಕಾಗುತ್ತದೆ, ಅದಕ್ಕೆ. ಯಂತ್ರ ಬರಲಿ, ಬೇಡ ಎನ್ನುವುದಿಲ್ಲ. ಅದು ಕೊಟ್ಟದ್ದನ್ನೂ ಮೇಜಿನ ಮೇಲೆ ಇಟ್ಟು “ಅಂದ್ರೆ?” ಎಂದು ಕೇಳುತ್ತೇವೆ. ಕೇಳುವ ಕೆಲಸವನ್ನು ಮಾತ್ರ ನಿಲ್ಲಿಸುವುದಿಲ್ಲ.

ವಿಭಾಗದವರೆಲ್ಲ ಕೂತು ತೀರ್ಮಾನ ಮಾಡಿದ್ದೇವೆ. ನಾಳೆ ಬೆಳಿಗ್ಗೆ ಎಂದಿನ ಹೊತ್ತಿಗೆ ಜಿ ಅಕ್ಷರ ಶುರು. ನೆಲಮಾಳಿಗೆ ತೆರೆದಿದ್ದರೆ ಅಲ್ಲಿ. ಬೀಗ ಬಿದ್ದಿದ್ದರೆ, ಯಜಮಾನರು ಡ್ರೈವಿಂಗ್ ಸ್ಕೂಲಿನ ಮುಂದಿನ ಕೋಣೆ ಬಿಟ್ಟುಕೊಡುತ್ತೇನೆಂದಿದ್ದಾರೆ. ಗೋಡೆ ತುಂಬ ರಸ್ತೆ ಚಿಹ್ನೆಗಳಿವೆ. ‘ನಿಧಾನವಾಗಿ ಚಲಿಸಿ’ ಎನ್ನುವುದರ ಕೆಳಗೆ ನನ್ನ ಕುರ್ಚಿ ಎಂದು ಪ್ರೂಫ್ ನೋಡುವವರು ಆಗಲೇ ಗೊತ್ತುಮಾಡಿದ್ದಾರೆ. ಜಿಯಿಂದ ಝಡ್‌ವರೆಗೆ ಮುಗಿಸುತ್ತೇವೆ. ನಮ್ಮ ಕೈಯಲ್ಲಿ ಮುಗಿಯದಿದ್ದರೆ ಮುಂದಿನವರ ಕೈಗೆ ಕೊಟ್ಟು ಹೋಗುತ್ತೇವೆ. ಇದು ಬೇಡಿಕೆ ಅಲ್ಲ. ತಿಳಿಸುತ್ತಿದ್ದೇವೆ.

ಇನ್ನೊಂದೇ ಮಾತು. ಹೇಳಬಹುದೋ ಬಾರದೋ — ಹೇಳಿಬಿಡುತ್ತೇನೆ. ನಿನ್ನೆ ಮೇಡಂ ಅವರ ಕನ್ನಡಕದ ಡಬ್ಬಿ ತರಲು ನಾನು ಕೆಳಗೆ ಇಳಿಯುತ್ತಿದ್ದಾಗ, ಮಾಲೀಕರು ಮೆಟ್ಟಿಲು ಹತ್ತಿ ಬರುತ್ತಿದ್ದರು. ಒಬ್ಬರೇ. “ದೀಪ ಆರಿಸೋಕೆ ಹೋಗಿದ್ದೆ” ಎಂದರು. ನಾನು ಸರಿ ಸಾರ್ ಎಂದೆ. ಅವರ ಅಂಗಿಯ ಎದೆಯ ತುಂಬ ಸುಣ್ಣ ಇತ್ತು. ಎರಡು ತೋಳಿಗೂ, ಮಣಿಕಟ್ಟಿನವರೆಗೆ.

ನಾನು ಏನೂ ಕೇಳಲಿಲ್ಲ. ಈಗಲೂ ಕೇಳುವುದಿಲ್ಲ ಸಾರ್. ಒಬ್ಬರಿಗೆ ಆ ಕಂಬ ಸಿಗುವುದಿಲ್ಲ, ಅಷ್ಟು ಮಾತ್ರ ನನಗೆ ಗೊತ್ತು. ನಾಳೆ ಬೆಳಿಗ್ಗೆ ನಾನು ಆ ಕಡೆ ಇರುತ್ತೇನೆ.

ಈಗ ನಾವೆಲ್ಲ ಒಂದು ನಿಮಿಷ ಮೌನವಾಗಿ ನಿಲ್ಲಬೇಕು. ಮೇಡಂ ಇದ್ದಿದ್ದರೆ ಇಷ್ಟು ಹೊತ್ತಿಗೆ ಕೇಳಿಯಾಗಿರುತ್ತಿತ್ತು, “ಮೌನ ಅಂದ್ರೆ?” ಎಂದು. ನನ್ನ ಹತ್ತಿರ ಎಂ ಅಕ್ಷರದ ಮ್ಯೂಟ್‌ಗೂ ಉತ್ತರ ಇಲ್ಲ, ಎಸ್ ಅಕ್ಷರದ ಸೈಲೆನ್ಸ್‌ಗೂ ಇಲ್ಲ. ಅಲ್ಲಿಯವರೆಗೆ ನಾವಿನ್ನೂ ಬಂದಿಲ್ಲ. ಅವರು ಹೇಳಿಕೊಟ್ಟ ಹಾಗೆ, ಮಾಡಿ ನೋಡೋಣ.

ದಯವಿಟ್ಟು, ಎಲ್ಲರೂ ಎದ್ದು ನಿಲ್ಲಿ.